ಅಗಲ ಪರದೆಯಲ್ಲಿ ಯಾವುದು ಎಲ್ಲಿ ಕೂರಬೇಕು

(ಹಾಸನದಲ್ಲಿ ಲೆಕ್ಕಪತ್ರ, ಡಿಟಿಪಿ ಮತ್ತು ಕಚೇರಿ ಕೆಲಸ ಮಾಡುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ತಿಂಗಳ 14ರಿಂದ 20ರವರೆಗೆ ನನ್ನ ಕಚೇರಿಯಲ್ಲಿ ಯಾರಿಗೂ ಮಾತಿಗೆ ಬಿಡುವಿರುವುದಿಲ್ಲ. ಇಲ್ಲಿರುವ ಲೆಕ್ಕಪತ್ರದವರಿಗೆ ಕಾರಣ ಗೊತ್ತು. ಉಳಿದವರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. 14ಕ್ಕೆ ಜಿಎಸ್‌ಟಿ ಪೋರ್ಟಲಿನಲ್ಲಿ 2ಬಿ ಎಂಬ ಪಟ್ಟಿ ಸಿದ್ಧವಾಗುತ್ತದೆ. ನಮ್ಮ ಪಾರ್ಟಿಗೆ, ಅಂದರೆ ನಾವು ಲೆಕ್ಕ ನೋಡುವ ವ್ಯಾಪಾರಿಗೆ, ಮಾಲು ಮಾರಿದವರು ಯಾವ ಯಾವ ಬಿಲ್ಲನ್ನು ತೋರಿಸಿದ್ದಾರೆ ಎಂಬುದು ಅದರಲ್ಲಿರುತ್ತದೆ. 20ಕ್ಕೆ 3ಬಿ ಎಂಬ ತೆರಿಗೆ ರಿಟರ್ನ್ ಸಲ್ಲಿಸಬೇಕು. ನಡುವಿನ ದಿನಗಳಲ್ಲಿ ನಮ್ಮ ಖರೀದಿ ಪುಸ್ತಕದ ಒಂದೊಂದು ಸಾಲನ್ನೂ 2ಬಿಯ ಸಾಲಿನೊಂದಿಗೆ ತಾಳೆ ನೋಡಬೇಕು. ತಾಳೆಯಾಗದೆ ಉಳಿದ ಬಿಲ್ಲಿನ ತೆರಿಗೆ ಪಾರ್ಟಿಯ ಕೈಗೇ ಬೀಳುತ್ತದೆ.

ಕೆಲವು ವರ್ಷಗಳ ಹಿಂದಿನ ಒಂದು ಜುಲೈ ತಿಂಗಳು. ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ನೋಡುತ್ತಿದ್ದೆ. 15 ಇಂಚಿನ ಲ್ಯಾಪ್‌ಟಾಪ್. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ, ಎಕ್ಸೆಲ್‌ನಲ್ಲಿ 2ಬಿ, ಪೋರ್ಟಲ್, ಬ್ಯಾಂಕ್ ಸ್ಟೇಟ್‌ಮೆಂಟಿನ ಪಿಡಿಎಫ್, ಬಿಲ್ಲುಗಳ ಫೋಟೊ ಬರುವ ವಾಟ್ಸಾಪ್, ಮೇಲ್ ಹೀಗೆ ಆರು ವಿಂಡೋಗಳು ಒಂದರ ಮೇಲೊಂದು ಮಲಗಿದ್ದವು. ವಾಟ್ಸಾಪಿನಲ್ಲಿ ಬಿಲ್ ನಂಬರ್ 4471 ಎಂದು ನೋಡಿದೆ. ಆಲ್ಟ್ ಮತ್ತು ಟ್ಯಾಬ್ ಒತ್ತಿದೆ, ಬೇರೆ ಯಾವುದೋ ವಿಂಡೋ ಬಂತು, ಮತ್ತೊಮ್ಮೆ ಒತ್ತಿದೆ, ಟ್ಯಾಲಿ ಬಂತು. ಅಲ್ಲಿ 4417 ಎಂದು ಹೊಡೆದೆ. ತಾಳೆ ನೋಡುವಾಗ ಆ ಬಿಲ್ಲು 2ಬಿಯಲ್ಲಿ ಸಿಗಲಿಲ್ಲ. ಸಿಮೆಂಟಿನ ಡೀಲರಿಗೆ ಫೋನು ಮಾಡಿ, ನೀವು ಬಿಲ್ಲು ತೋರಿಸಿಲ್ಲ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವರು ಒಂದು ಮಾತನ್ನೂ ಆಡದೆ ತಮ್ಮ ಪಟ್ಟಿಯ ಚಿತ್ರ ಕಳಿಸಿದರು. ತಪ್ಪು ನನ್ನದು. ಮರುದಿನ ಮತ್ತೆ ಫೋನು ಮಾಡಿ ಕ್ಷಮೆ ಕೇಳಿದೆ.

ಆ ರಾತ್ರಿ ನನಗೆ ಅರ್ಥವಾದದ್ದು ಇಷ್ಟು: ಸಂಖ್ಯೆ ಅದಲುಬದಲಾದದ್ದು ಬಿಲ್ಲಿನಲ್ಲೂ ಅಲ್ಲ, ಟ್ಯಾಲಿಯಲ್ಲೂ ಅಲ್ಲ, ಎರಡರ ನಡುವಿನ ದಾರಿಯಲ್ಲಿ. ಒಂದು ವಿಂಡೋ ಮರೆಯಾಗಿ ಇನ್ನೊಂದು ಬರುವವರೆಗೆ ಆ ನಾಲ್ಕು ಅಂಕಿಗಳನ್ನು ತಲೆಯಲ್ಲಿ ಹೊತ್ತುಕೊಂಡಿರಬೇಕು. ನಡುವೆ ಬೇರೆ ವಿಂಡೋ ಕಣ್ಣಿಗೆ ಬಿದ್ದರೆ ಹೊತ್ತದ್ದು ಚೆಲ್ಲುತ್ತದೆ. ಎರಡೂ ಅಕ್ಕಪಕ್ಕ ಕಾಣುತ್ತಿದ್ದರೆ ಹೊರುವ ಕೆಲಸವೇ ಇರುವುದಿಲ್ಲ, ನೋಡಿ ನೋಡಿ ಬರೆಯಬಹುದು.

ಹಾಗಾಗಿ 34 ಇಂಚಿನ ಅಗಲ ಮಾನಿಟರ್ ತಂದೆ. ಸಕಲೇಶಪುರದ ಕಡೆಯ ಬೆಳೆಗಾರರೊಬ್ಬರು ಲೆಕ್ಕ ಕೊಡಲು ಬಂದವರು, “ಇದೇನು, ಕಚೇರಿಗೆ ಟಿವಿ ತಂದಿದ್ದೀರಿ?” ಎಂದು ಕೇಳಿದರು. ಮೊದಲ ತಿಂಗಳು ಅವರ ಮಾತು ನಿಜವೇ ಆಗಿತ್ತು. ಏಕೆಂದರೆ ನಾನು ಹಳೆಯ ಅಭ್ಯಾಸದಂತೆ ಪ್ರತಿ ವಿಂಡೋವನ್ನೂ ಪೂರ್ತಿ ಹಿಗ್ಗಿಸಿಯೇ ಇಡುತ್ತಿದ್ದೆ. ಟ್ಯಾಲಿ ಮೇಜಿನ ಉದ್ದಕ್ಕೂ ಹರಡಿಕೊಂಡಿತ್ತು, ಎಡ ತುದಿಯಲ್ಲಿ ಹೆಸರು, ಬಲ ತುದಿಯಲ್ಲಿ ಮೊತ್ತ, ನಡುವೆ ಖಾಲಿ ಬಯಲು. ಆಲ್ಟ್ ಟ್ಯಾಬ್ ಹಾಗೆಯೇ ನಡೆಯುತ್ತಿತ್ತು. ಪರದೆ ದೊಡ್ಡದಾಗಿತ್ತು, ಕೆಲಸ ಅದೇ ಚಿಕ್ಕ ಪರದೆಯದಾಗಿತ್ತು.

ಅಗಲ ಪರದೆ ಎಂದರೆ ಎಷ್ಟು ಅಗಲ ಎಂಬುದನ್ನು ಒಮ್ಮೆ ಅಳೆದುಬಿಡೋಣ. ಸಾಮಾನ್ಯ ಮಾನಿಟರಿನ ಅಗಲ ಮತ್ತು ಎತ್ತರದ ಲೆಕ್ಕ 16ಕ್ಕೆ 9. ಅಗಲದ್ದು 21ಕ್ಕೆ 9, ಇನ್ನೂ ಅಗಲದ್ದು 32ಕ್ಕೆ 9. ನನ್ನ 34 ಇಂಚಿನ ಮಾನಿಟರಿನ ಎತ್ತರ ಸುಮಾರು 33 ಸೆಂಟಿಮೀಟರ್, ಅಂದರೆ 27 ಇಂಚಿನ ಸಾಮಾನ್ಯ ಮಾನಿಟರಿನಷ್ಟೇ. ಅಗಲ ಮಾತ್ರ ಸುಮಾರು 80 ಸೆಂಟಿಮೀಟರ್. 49 ಇಂಚಿನದು ಎರಡು 27 ಇಂಚಿನ ಮಾನಿಟರುಗಳನ್ನು ನಡುವಿನ ಚೌಕಟ್ಟು ತೆಗೆದು ಬೆಸೆದ ಹಾಗೆ. ಚುಕ್ಕಿಗಳ (ಪಿಕ್ಸೆಲ್‌ಗಳ) ಲೆಕ್ಕದಲ್ಲಿ 34 ಇಂಚಿನದರಲ್ಲಿ ಹೆಚ್ಚಾಗಿ ಅಡ್ಡಕ್ಕೆ 3440, ಉದ್ದಕ್ಕೆ 1440. 49 ಇಂಚಿನದರಲ್ಲಿ ಅಡ್ಡಕ್ಕೆ 5120, ಉದ್ದಕ್ಕೆ ಅದೇ 1440. ಎತ್ತರ ಹೆಚ್ಚಿಲ್ಲ ಎಂಬುದನ್ನು ನೆನಪಿಡಿ. ಇಲ್ಲಿ ಸಿಕ್ಕಿರುವುದು ಅಡ್ಡ ಜಾಗ. ಅದನ್ನು ಅಡ್ಡಡ್ಡವಾಗಿಯೇ ಭಾಗ ಮಾಡಬೇಕು.

ವಿಂಡೋಗಳನ್ನು ಒಂದರ ಮೇಲೊಂದು ಬೀಳದಂತೆ ಪಕ್ಕಪಕ್ಕ ಜೋಡಿಸುವುದಕ್ಕೆ ಟೈಲಿಂಗ್ ಎಂಬ ಹೆಸರಿದೆ. ಟೈಲ್ ಎಂದ ಕೂಡಲೇ ನಮ್ಮ ಮಲೆನಾಡಿನ ಕಡೆಯವರಿಗೆ ಹೆಂಚು ನೆನಪಾಗುತ್ತದೆ. ಆದರೆ ಹೆಂಚು ಪಕ್ಕದ ಹೆಂಚಿನ ಮೇಲೆ ಒಂದಿಷ್ಟು ಏರಿ ಕುಳಿತಿರುತ್ತದೆ, ಇಲ್ಲವಾದರೆ ಮಳೆ ಒಳಗೆ ಸುರಿಯುತ್ತದೆ. ಇದು ನೆಲದ ಟೈಲ್ಸಿನ ಹಾಗೆ, ಅಂಚಿಗೆ ಅಂಚು. ಇದು ಹೊಸದೂ ಅಲ್ಲ. 1985ರಲ್ಲಿ ಬಂದ ಮೊದಲ ವಿಂಡೋಸ್‌ನಲ್ಲಿ ಎಲ್ಲ ವಿಂಡೋಗಳೂ ಹೀಗೇ ಪಕ್ಕಪಕ್ಕ ಕೂರುತ್ತಿದ್ದವು, ಒಂದರ ಮೇಲೊಂದು ಇಡಲು ಬರುತ್ತಲೇ ಇರಲಿಲ್ಲ. 1987ರ ಎರಡನೇ ಆವೃತ್ತಿಯಲ್ಲಿ ಮೇಲೆ ಮೇಲೆ ಇಡುವ ಅನುಕೂಲ ಬಂತು. ಪರದೆಗಳು ಚಿಕ್ಕವಾಗಿದ್ದ ಕಾಲಕ್ಕೆ ಅದು ದೊಡ್ಡ ಉಪಕಾರ. ನಾವು ಇಷ್ಟು ವರ್ಷ ಅದರಲ್ಲೇ ಬೆಳೆದಿದ್ದೇವೆ. ಈಗ ಪರದೆಗಳು ಅಗಲವಾಗಿವೆ, ಹಳೆಯ ಜೋಡಣೆಗೆ ಮತ್ತೆ ಅರ್ಥ ಬಂದಿದೆ.

ಈಗ ಇಲ್ಲಿ ತೋರಿಸುತ್ತಿರುವುದನ್ನು ನೋಡಿ. ವಿಂಡೋಸ್ ಕೀಲಿ ಹಿಡಿದು ಎಡ ಬಾಣ ಒತ್ತುತ್ತೇನೆ. ವಿಂಡೋ ಎಡ ಅರ್ಧಕ್ಕೆ ಹೋಗಿ ಅಂಟಿಕೊಂಡಿತು. ಉಳಿದ ವಿಂಡೋಗಳ ಚಿಕ್ಕ ಚಿತ್ರಗಳು ಬಲಗಡೆ ಬಂದವು. ಬಾಣದಿಂದ ಒಂದರ ಮೇಲೆ ಹೋಗಿ ಎಂಟರ್ ಒತ್ತಿದರೆ ಅದು ಬಲ ಅರ್ಧವನ್ನು ತುಂಬುತ್ತದೆ. ಬೇಡವೆಂದರೆ ಎಸ್ಕೇಪ್. ಎಡ ಅರ್ಧದಲ್ಲಿರುವಾಗ ಮೇಲಿನ ಬಾಣ ಒತ್ತಿದರೆ ಮೇಲಿನ ಕಾಲು ಭಾಗಕ್ಕೆ, ಕೆಳಗಿನದು ಒತ್ತಿದರೆ ಕೆಳಗಿನ ಕಾಲಿಗೆ. ಬಾಣದ ಈ ಕೆಲಸ 2009ರಲ್ಲಿ ಬಂದ ವಿಂಡೋಸ್ 7ರಿಂದಲೇ ಇದೆ, ಕಾಲು ಭಾಗದ್ದು ವಿಂಡೋಸ್ 10ರಲ್ಲಿ ಬಂತು. ಇದು ಗೊತ್ತಿದ್ದವರು ಕೈ ಎತ್ತಿ ಎಂದಾಗ ಎತ್ತಿದವರು ನಾಲ್ಕೈದು ಮಂದಿ. ಅಷ್ಟು ವರ್ಷಗಳಿಂದ ನಮ್ಮ ಬೆರಳ ತುದಿಯಲ್ಲೇ ಇದ್ದದ್ದು ಇದು.

ಆದರೆ ಅಗಲ ಪರದೆಯಲ್ಲಿ ಇಲ್ಲಿಗೇ ನಿಲ್ಲಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅರ್ಧ ಅರ್ಧ ಮಾಡಿದರೆ ಏನಾಗುತ್ತದೆ ನೋಡಿ. ನಾನು ಪರದೆಯ ನಡುಮಧ್ಯಕ್ಕೆ ಎದುರಾಗಿ ಕುಳಿತಿದ್ದೇನೆ. ಎರಡು ವಿಂಡೋಗಳು ಸೇರುವ ಗೆರೆ ಸರಿಯಾಗಿ ನನ್ನ ಮೂಗಿನ ನೇರಕ್ಕಿದೆ. ಅಂದರೆ ಇಡೀ ಪರದೆಯಲ್ಲಿ ಅತಿ ಒಳ್ಳೆಯ ಜಾಗ ಯಾವುದೋ, ಅಲ್ಲಿ ಏನೂ ಇಲ್ಲ. ಕೆಲಸ ಮಾಡುವ ವಿಂಡೋ ಎಡಕ್ಕಿದ್ದರೆ ದಿನವಿಡೀ ಕತ್ತು ಎಡಕ್ಕೆ ತಿರುಗಿರುತ್ತದೆ. ನನಗೆ ಎರಡು ತಿಂಗಳು ಬಲ ಭುಜದ ಮೇಲೆ ನೋವಿತ್ತು. ಕುರ್ಚಿ ಬದಲಿಸಿದೆ, ದಿಂಬು ಇಟ್ಟೆ. ವಿಂಡೋವನ್ನು ನಡುವಿಗೆ ತಂದ ಮೇಲೆ ಕಡಿಮೆಯಾಯಿತು.

ಆದ್ದರಿಂದ ಅಗಲ ಪರದೆಯಲ್ಲಿ ಮೂರು ಭಾಗ. ನಡುವಿನದು ದೊಡ್ಡದು, ಅಕ್ಕಪಕ್ಕದವು ಚಿಕ್ಕವು. ನಾನು ಇಡುವ ಲೆಕ್ಕ ಒಂದು ಪಾಲು, ಎರಡು ಪಾಲು, ಒಂದು ಪಾಲು. 3440 ಚುಕ್ಕಿಗಳಲ್ಲಿ ಎಡಕ್ಕೆ 860, ನಡುವೆ 1720, ಬಲಕ್ಕೆ 860. ನಡುವಿನ 1720 ಎಂದರೆ ಒಂದು ಸಾಮಾನ್ಯ ಲ್ಯಾಪ್‌ಟಾಪಿನ ಪೂರ್ತಿ ಪರದೆಗೆ ಹತ್ತಿರ, ಅಲ್ಲಿ ಯಾವ ಕೆಲಸಕ್ಕೂ ಜಾಗ ಸಾಲದು ಎನಿಸುವುದಿಲ್ಲ. ಪಕ್ಕದ 860 ಮಾತ್ರ ಇಕ್ಕಟ್ಟು. ಸರ್ಕಾರಿ ಪೋರ್ಟಲುಗಳನ್ನು ಅಲ್ಲಿಟ್ಟರೆ ಬಲಭಾಗ ಕತ್ತರಿಸಿ ಹೋಗುತ್ತದೆ. ಆಗ ಕಂಟ್ರೋಲ್ ಹಿಡಿದು ಮೈನಸ್ ಒತ್ತಿ ಪುಟವನ್ನು ಕುಗ್ಗಿಸಿ, ಕಂಟ್ರೋಲ್ ಮತ್ತು ಸೊನ್ನೆ ಒತ್ತಿದರೆ ಮೊದಲಿನ ಅಳತೆಗೆ ಬರುತ್ತದೆ. 49 ಇಂಚಿನವರಿಗೆ ಈ ತೊಂದರೆಯಿಲ್ಲ, ಅವರಿಗೆ ಪಕ್ಕದ ಪಾಲೇ 1280 ಸಿಗುತ್ತದೆ.

ವಿಂಡೋಸ್ 11 ಇರುವವರು ವಿಂಡೋಸ್ ಕೀಲಿ ಮತ್ತು ಝಡ್ ಒತ್ತಿ. ಮೇಲೆ ಜೋಡಣೆಗಳ ಚಿಕ್ಕ ಚಿತ್ರಗಳು ಬರುತ್ತವೆ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಪರದೆ ಅಗಲವಿದ್ದರೆ ಮೂರು ಭಾಗದ ಜೋಡಣೆಗಳೂ ಆ ಸಾಲಿನಲ್ಲಿ ಸೇರಿಕೊಳ್ಳುತ್ತವೆ, ಚಿಕ್ಕ ಲ್ಯಾಪ್‌ಟಾಪಿನಲ್ಲಿ ಅವು ಕಾಣುವುದಿಲ್ಲ. ಜೋಡಣೆಯ ಸಂಖ್ಯೆ ಒತ್ತಿ, ನಂತರ ಯಾವ ಖಾನೆಗೆ ಹೋಗಬೇಕೋ ಅದರ ಸಂಖ್ಯೆ ಒತ್ತಿ. ಮೌಸ್ ಮುಟ್ಟುವ ಅಗತ್ಯವೇ ಇಲ್ಲ. ಹೀಗೆ ಜೋಡಿಸಿದ ವಿಂಡೋಗಳನ್ನು ವಿಂಡೋಸ್ ಒಂದು ಗುಂಪೆಂದು ನೆನಪಿಟ್ಟುಕೊಳ್ಳುತ್ತದೆ, ಆಲ್ಟ್ ಟ್ಯಾಬ್ ಒತ್ತಿದಾಗ ಗುಂಪು ಒಟ್ಟಾಗಿ ಬರುತ್ತದೆ. ಎರಡು ವಿಂಡೋಗಳ ನಡುವಿನ ಗೆರೆಯನ್ನು ಎಳೆದರೆ ಒಂದು ಹಿಗ್ಗಿ ಇನ್ನೊಂದು ಕುಗ್ಗುತ್ತದೆ.

ವಿಂಡೋಸ್ 10ರಲ್ಲಿ ಈ ಝಡ್ ಇಲ್ಲ. 11 ಇದ್ದವರಿಗೂ ಅದು ಕೊಡುವ ಅಳತೆಗಳು ಬಹಳಷ್ಟು ಸಲ ಒಗ್ಗುವುದಿಲ್ಲ. ಇಬ್ಬರಿಗೂ ನಾನು ಹೇಳುವುದು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್ ಎಂಬ ತಂತ್ರಾಂಶ, ಅದರೊಳಗಿನ ಫ್ಯಾನ್ಸಿಜೋನ್ಸ್ ಎಂಬ ಭಾಗ. ಪವರ್‌ಟಾಯ್ಸ್ ಎಂಬ ಹೆಸರು ವಿಂಡೋಸ್ 95ರ ಕಾಲದ್ದು. 2019ರಲ್ಲಿ ಅದನ್ನು ಮತ್ತೆ ಹೊಸದಾಗಿ, ಎಲ್ಲರಿಗೂ ಮೂಲ ಸಂಕೇತ ತೆರೆದಿಟ್ಟು ತಂದರು. ನಾನು ಈ ಮಾತನ್ನು ಆಡಲು ಒಪ್ಪಿಕೊಂಡದ್ದೇ ಇದನ್ನು ನಿಮಗೆ ತೋರಿಸಬೇಕೆಂದು.

ವಿಂಡೋಸ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಯ ಕೆಳಗಿರುವ ಕೀಲಿ, ಮೂರನ್ನೂ ಒಟ್ಟಿಗೆ ಒತ್ತಿ. ಜೋಡಣೆ ಬಿಡಿಸುವ ಪುಟ ತೆರೆಯುತ್ತದೆ. ಸಿದ್ಧ ಮಾದರಿಗಳಿವೆ, ನಿಮ್ಮದೇ ಮಾದರಿಯನ್ನೂ ಮಾಡಬಹುದು. ಗೆರೆಗಳನ್ನು ಎಳೆದು ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ. ಖಾನೆಗಳ ನಡುವೆ ಬಿಡುವ ಅಂತರವನ್ನು ಮೊದಲೇ 16 ಚುಕ್ಕಿ ಎಂದು ಇಟ್ಟಿರುತ್ತಾರೆ. ನನಗೆ ಅದು ವ್ಯರ್ಥ ಜಾಗ, ಸೊನ್ನೆ ಮಾಡಿದ್ದೇನೆ. ಉಳಿಸಿ ಹೊರಬನ್ನಿ. ಈಗ ಯಾವುದೇ ವಿಂಡೋವನ್ನು ಎಳೆಯುತ್ತಾ ಶಿಫ್ಟ್ ಹಿಡಿದರೆ ಖಾನೆಗಳು ಬೆಳಗುತ್ತವೆ. ಬೇಕಾದ ಖಾನೆಯ ಮೇಲೆ ಬಿಟ್ಟರೆ ಅಲ್ಲಿ ಕೂರುತ್ತದೆ.

ಎಳೆಯುವುದು ಮೊದಲ ದಿನಕ್ಕೆ ಸಾಕು. ಎರಡನೇ ದಿನ ಅದರ ಸೆಟ್ಟಿಂಗ್ಸ್‌ಗೆ ಹೋಗಿ, ವಿಂಡೋಸ್‌ನ ಬಾಣದ ಕೀಲಿಗಳನ್ನು ಫ್ಯಾನ್ಸಿಜೋನ್ಸ್ ವಹಿಸಿಕೊಳ್ಳಲಿ ಎಂಬ ಆಯ್ಕೆಗೆ ಗುರುತು ಹಾಕಿ. ಆಮೇಲೆ ವಿಂಡೋಸ್ ಕೀಲಿ ಮತ್ತು ಬಲ ಬಾಣ ಒತ್ತಿದರೆ ಅರ್ಧಕ್ಕೆ ಹೋಗುವುದರ ಬದಲು ನೀವು ಬಿಡಿಸಿದ ಮುಂದಿನ ಖಾನೆಗೆ ಹೋಗುತ್ತದೆ. ಎಡದಿಂದ ನಡುವಿಗೆ ಒಂದು ಒತ್ತು, ಬಲಕ್ಕೆ ಎರಡು ಒತ್ತು. ಒಂದೇ ಖಾನೆಯಲ್ಲಿ ಎರಡು ವಿಂಡೋಗಳಿದ್ದರೆ ವಿಂಡೋಸ್ ಮತ್ತು ಪೇಜ್‌ಡೌನ್ ಒತ್ತಿ ಅವುಗಳಲ್ಲಿ ಮಾತ್ರ ಅದಲುಬದಲು ಮಾಡಬಹುದು. ನನಗೆ ಬಲು ಇಷ್ಟವಾದದ್ದು ಇದು. ಬಲಗಡೆ ಖಾನೆಯಲ್ಲಿ ಬಿಲ್ಲಿನ ಪಿಡಿಎಫ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಒಟ್ಟಿಗೆ ಇರುತ್ತವೆ, ನಡುವಿನ ಟ್ಯಾಲಿ ಅಲುಗಾಡುವುದಿಲ್ಲ.

ಇನ್ನೊಂದು ಅನುಕೂಲವಿದೆ. ಒಂದಕ್ಕಿಂತ ಹೆಚ್ಚು ಜೋಡಣೆ ಮಾಡಿಟ್ಟುಕೊಂಡು ಪ್ರತಿಯೊಂದಕ್ಕೂ ಒಂದು ಅಂಕಿ ಕೊಡಬಹುದು. ವಿಂಡೋಸ್, ಕಂಟ್ರೋಲ್, ಆಲ್ಟ್ ಜೊತೆಗೆ 1 ಒತ್ತಿದರೆ ನನ್ನ ತೆರಿಗೆಯ ಜೋಡಣೆ, 2 ಒತ್ತಿದರೆ ಪತ್ರ ಬರೆಯುವ ಜೋಡಣೆ. ಇದನ್ನು ಮೊದಲ ವಾರವೇ ಕಲಿಯಲು ಹೋಗಬೇಡಿ, ಬೆರಳುಗಳು ಗೊಂದಲಕ್ಕೆ ಬೀಳುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಯ ಒಗ್ಗರಣೆ ಡಬ್ಬಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಏಳು ಬಟ್ಟಲುಗಳು. ಸಾಸಿವೆ ಎಲ್ಲಿದೆ, ಜೀರಿಗೆ ಎಲ್ಲಿದೆ, ಮೆಂತ್ಯ ಎಲ್ಲಿದೆ ಎಂದು ಅಡುಗೆ ಮಾಡುವವರು ಹುಡುಕುವುದಿಲ್ಲ. ಎಣ್ಣೆ ಕಾದಿರುತ್ತದೆ, ಕಣ್ಣು ಬಾಣಲೆಯ ಮೇಲಿರುತ್ತದೆ, ಕೈ ತಾನಾಗಿ ಸಾಸಿವೆಗೆ ಹೋಗುತ್ತದೆ. ಮನೆಗೆ ಬಂದ ನೆಂಟರು ಯಾರೋ ಡಬ್ಬಿ ತೊಳೆದು ಬಟ್ಟಲುಗಳನ್ನು ಬೇರೆ ಕ್ರಮದಲ್ಲಿ ಇಟ್ಟುಹೋದರೆ ಮರುದಿನ ಬೆಳಿಗ್ಗೆ ಎಣ್ಣೆ ಹೊಗೆಯಾಡುತ್ತದೆ, ಸಾಸಿವೆ ಸಿಗುವುದಿಲ್ಲ. ಆ ಡಬ್ಬಿಯ ಉಪಕಾರವೆಲ್ಲ ಇರುವುದು ಬಟ್ಟಲುಗಳ ಜಾಗ ಬದಲಾಗದೇ ಇರುವುದರಲ್ಲಿ.

ಅಗಲ ಪರದೆಯೂ ಹಾಗೆಯೇ ಆಗಬೇಕು. ನನ್ನ ಕಚೇರಿಯ ನಾಲ್ಕು ಗಣಕಗಳಲ್ಲೂ ಒಂದೇ ಕ್ರಮ. ಎಡಕ್ಕೆ 2ಬಿ, ನಡುವೆ ಟ್ಯಾಲಿ, ಬಲಕ್ಕೆ ಬಿಲ್ಲು. ಯಾರು ಯಾರ ಜಾಗದಲ್ಲಿ ಕುಳಿತರೂ ಹುಡುಕುವ ಪ್ರಮೇಯವಿಲ್ಲ. ನಮ್ಮಲ್ಲಿ ಕೆಲಸ ಮಾಡುವ ಹುಡುಗಿ ಇನ್ನೊಂದು ಹೆಜ್ಜೆ ಮುಂದೆ ಹೋದಳು. 2ಬಿಯನ್ನೂ ಖರೀದಿ ಪಟ್ಟಿಯನ್ನೂ ಬಿಲ್ಲಿನ ನಂಬರಿನ ಕ್ರಮಕ್ಕೆ ಹಾಕಿ, ಎರಡರಲ್ಲೂ ಅಕ್ಷರದ ಗಾತ್ರ ಸರಿಹೊಂದಿಸಿ, ಒಂದೇ ಬಿಲ್ಲಿನ ಸಾಲು ಎರಡು ವಿಂಡೋಗಳಲ್ಲೂ ಒಂದೇ ಎತ್ತರಕ್ಕೆ ಬರುವಂತೆ ಮಾಡಿದಳು. ಕಣ್ಣು ಮೇಲೆ ಕೆಳಗೆ ಹೋಗುವುದಿಲ್ಲ, ಅಡ್ಡಕ್ಕೆ ಮಾತ್ರ ಓಡುತ್ತದೆ. ಎಲ್ಲಿ ಸಾಲು ತಪ್ಪುತ್ತದೋ ಅಲ್ಲಿ ಒಂದು ಬಿಲ್ಲು ಇಲ್ಲವೆಂದು ನೋಡಿದ ಕೂಡಲೇ ತಿಳಿಯುತ್ತದೆ. ಎಕ್ಸೆಲ್‌ನಲ್ಲಿ ಸೂತ್ರ ಹಾಕಿ ಹುಡುಕಬಹುದಲ್ಲ ಎಂದು ನೀವು ಕೇಳಬಹುದು. ನಾವೂ ಹಾಕುತ್ತೇವೆ. ಆದರೆ ಒಬ್ಬ ಡೀಲರ್ ನಂಬರಿನ ಮುಂದೆ ಸೊನ್ನೆ ಸೇರಿಸುತ್ತಾನೆ, ಇನ್ನೊಬ್ಬ ಓರೆಗೆರೆ ಹಾಕುತ್ತಾನೆ, ಸೂತ್ರ ಅಲ್ಲಿ ಕೈಬಿಡುತ್ತದೆ. ಉಳಿದದ್ದನ್ನು ಕಣ್ಣೇ ನೋಡಬೇಕು.

ಈ ಕ್ರಮ ಗಟ್ಟಿಯಾಗಲು ಟಾಸ್ಕ್‌ಬಾರನ್ನೂ, ಅಂದರೆ ಪರದೆಯ ತಳದ ಪಟ್ಟಿಯನ್ನೂ, ಸೇರಿಸಿಕೊಳ್ಳಿ. ಅಲ್ಲಿ ನೀವು ಅಂಟಿಸಿದ ಮೊದಲ ತಂತ್ರಾಂಶ ವಿಂಡೋಸ್ ಮತ್ತು 1, ಎರಡನೆಯದು ವಿಂಡೋಸ್ ಮತ್ತು 2, ಹೀಗೆ 9ರವರೆಗೆ. ನನ್ನಲ್ಲಿ 1 ಟ್ಯಾಲಿ, 2 ಎಕ್ಸೆಲ್, 3 ಪಿಡಿಎಫ್. ತೆರೆದಿಲ್ಲದಿದ್ದರೆ ತೆರೆಯುತ್ತದೆ, ತೆರೆದಿದ್ದರೆ ಮುಂದೆ ಬರುತ್ತದೆ. ಆಲ್ಟ್ ಟ್ಯಾಬಿನಲ್ಲಿ ಕ್ರಮ ಪ್ರತಿ ಸಲವೂ ಬದಲಾಗುತ್ತದೆ, ಕೊನೆಗೆ ಮುಟ್ಟಿದ್ದು ಮುಂದೆ ಬರುತ್ತದೆ. ಆದ್ದರಿಂದ ಕೈಗೆ ಅದು ಎಂದೂ ಪೂರ್ತಿ ಬಾಯಿಪಾಠವಾಗುವುದಿಲ್ಲ. ಅಂಕಿಗಳ ಕ್ರಮ ಬದಲಾಗುವುದಿಲ್ಲ.

ಮಳೆಗಾಲದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಷಾಢದಲ್ಲಿ ನಮ್ಮ ಕಡೆ ಕರೆಂಟು ಎಷ್ಟು ಸಲ ಹೋಗುತ್ತದೆ, ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಎಂಬುದು ನಿಮಗೆ ಗೊತ್ತು. ಗಣಕ ಮತ್ತೆ ಶುರುವಾದಾಗ ವಿಂಡೋಗಳು ಎಲ್ಲೆಲ್ಲೋ ತೆರೆಯುತ್ತವೆ. ಫ್ಯಾನ್ಸಿಜೋನ್ಸ್‌ನಲ್ಲಿ ಹೊಸದಾಗಿ ತೆರೆದ ವಿಂಡೋವನ್ನು ಅದು ಕೊನೆಯ ಸಲ ಇದ್ದ ಖಾನೆಗೇ ಕಳಿಸುವ ಆಯ್ಕೆಯಿದೆ. ಗುರುತು ಹಾಕಿ. ಕರೆಂಟು ಬಂದ ಮೇಲೆ 1, 2, 3 ಒತ್ತಿದರೆ ಮೂರೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ಕೆಲವು ತಂತ್ರಾಂಶಗಳು ಹಟಮಾರಿಗಳು, ಅವುಗಳನ್ನು ಬಾಣದಿಂದ ಒಮ್ಮೆ ತಳ್ಳಬೇಕಾಗುತ್ತದೆ.

ಡಿಟಿಪಿಯವರು ಬಹಳ ಹೊತ್ತಿನಿಂದ ತಾಳ್ಮೆಯಿಂದ ಕುಳಿತಿದ್ದೀರಿ. ನಿಮ್ಮ ಕೆಲಸಕ್ಕೆ ಈ ಪರದೆ ನಮಗಿಂತ ಹೆಚ್ಚು ಒದಗುತ್ತದೆ. ನನ್ನ ಗೆಳೆಯರೊಬ್ಬರು ಸ್ಮರಣ ಸಂಚಿಕೆ, ಲಗ್ನಪತ್ರಿಕೆಗಳ ಪುಟ ವಿನ್ಯಾಸ ಮಾಡುತ್ತಾರೆ. ಲೇಖಕರ ಕೈಬರಹದ ಹಾಳೆಯನ್ನು ಸ್ಕ್ಯಾನ್ ಮಾಡಿ ಎಡಕ್ಕಿಡುತ್ತಾರೆ, ನಡುವೆ ಎದುರುಬದುರು ಪುಟಗಳು, ಬಲಕ್ಕೆ ನಿಘಂಟು. ಕೈಬರಹದ ಯಾವ ಸಾಲನ್ನು ಅಚ್ಚು ಮಾಡುತ್ತಿದ್ದಾರೋ ಅದು ನಡುವಿನ ಸಾಲಿನ ನೇರಕ್ಕೆ ಬರುವಂತೆ ಚಿತ್ರವನ್ನು ಸರಿಸುತ್ತಾ ಹೋಗುತ್ತಾರೆ. ಲಗ್ನಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿದರೆ ವಧುವಿನ ಹೆಸರೇ ಬೇರೆಯಾಗುತ್ತದೆ, ಸಾವಿರ ಪ್ರತಿ ಅಚ್ಚಾದ ಮೇಲೆ ತಿದ್ದಲು ಬರುವುದಿಲ್ಲ. ಅವರು ಕೈಬರಹವನ್ನು ಒಂದೂವರೆ ಪಟ್ಟು ಹಿಗ್ಗಿಸಿ ಇಡುವುದು ಅದಕ್ಕೇ.

ಇನ್ನೊಂದು ವಿಷಯ ಕನ್ನಡ ಓದುವವರೆಲ್ಲರಿಗೂ ಸಂಬಂಧಿಸಿದ್ದು. ಅಗಲ ಪರದೆಯಲ್ಲಿ ಬರಹವನ್ನು ಪೂರ್ತಿ ಹಿಗ್ಗಿಸಿ ಓದಬೇಡಿ. ಒಂದು ಸಾಲು ಎರಡೂವರೆ ಅಡಿ ಹರಿಯುತ್ತದೆ. ಬಲತುದಿ ಮುಟ್ಟಿ ಎಡಕ್ಕೆ ಮರಳುವಷ್ಟರಲ್ಲಿ ಕಣ್ಣು ಮುಂದಿನ ಸಾಲನ್ನು ಬಿಟ್ಟು ಅದರ ಕೆಳಗಿನದನ್ನು ಹಿಡಿಯುತ್ತದೆ. ನಮ್ಮ ಲಿಪಿಯಲ್ಲಿ ಒತ್ತುಗಳು ಕೆಳಗೆ ಇಳಿಯುತ್ತವೆ, ಗುಣಿತದ ಗುಡಿಸುಗಳು ಮೇಲೆ ಏರುತ್ತವೆ, ಸಾಲುಗಳ ನಡುವಿನ ದಾರಿ ಮೊದಲೇ ಕಿರಿದು. ಆದ್ದರಿಂದ ನಮಗೆ ಅಗಲ ಕಡಿಮೆ, ಅಕ್ಷರ ದೊಡ್ಡದು ಇರಬೇಕು. ಮೂರರಲ್ಲಿ ಒಂದು ಪಾಲು ಓದುವುದಕ್ಕೆ ಧಾರಾಳ.

ಕನ್ನಡದಲ್ಲಿ ಟೈಪು ಮಾಡುವಾಗ ಈ ಶಾರ್ಟ್‌ಕಟ್‌ಗಳು ಕೆಲಸ ಮಾಡುತ್ತವೆಯೇ ಎಂದು ಬೆಳಿಗ್ಗೆ ಒಬ್ಬರು ಕೇಳಿದರು. ನೀವು ಕೆ. ಪಿ. ರಾವ್ ಅವರ ವಿನ್ಯಾಸದ ಹಾದಿಯಲ್ಲಿ ಬಂದ ನುಡಿ ತಂತ್ರಾಂಶದ ಕೀಲಿಮಣೆ ಬಳಸಿ, ಇನ್‌ಸ್ಕ್ರಿಪ್ಟ್ ಬಳಸಿ, ಬಾಣದ ಕೀಲಿಗಳು ಎಲ್ಲದರಲ್ಲೂ ಬಾಣಗಳೇ. ಬಾಣ ಆಧರಿಸಿದ ಶಾರ್ಟ್‌ಕಟ್‌ಗಳನ್ನೇ ನಾನು ಮೊದಲು ಕಲಿಯಿರಿ ಎನ್ನುವುದಕ್ಕೆ ಅದೂ ಒಂದು ಕಾರಣ. ವಿಂಡೋಸ್‌ನೊಳಗೇ ಇರುವ ಕನ್ನಡ ವಿನ್ಯಾಸ ಹಾಕಿಕೊಂಡಿದ್ದರೆ ವಿಂಡೋಸ್ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೂ ಕನ್ನಡಕ್ಕೂ ಓಡಾಡಬಹುದು.

ವಾಟ್ಸಾಪನ್ನು ಎಲ್ಲಿಡಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ, ನನ್ನ ಮಟ್ಟಿಗೆ ಸಣ್ಣದಲ್ಲ. ಮೂರು ಖಾನೆಗಳಲ್ಲಿ ಒಂದನ್ನು ಅದಕ್ಕೆ ಕೊಟ್ಟರೆ ಅದು ಉಳಿದ ಎರಡನ್ನೂ ತಿನ್ನುತ್ತದೆ. ನಾನು ಅದನ್ನೂ ಇ-ಮೇಲನ್ನೂ ಇನ್ನೊಂದು ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದೇನೆ. ವಿಂಡೋಸ್, ಕಂಟ್ರೋಲ್ ಮತ್ತು ಡಿ ಒತ್ತಿದರೆ ಹೊಸ ಡೆಸ್ಕ್‌ಟಾಪ್ ಹುಟ್ಟುತ್ತದೆ. ವಿಂಡೋಸ್, ಕಂಟ್ರೋಲ್ ಮತ್ತು ಎಡ ಬಲ ಬಾಣಗಳಿಂದ ಅತ್ತಿತ್ತ ಹೋಗಬಹುದು. ಬೇಡವಾದಾಗ ಬಾಣದ ಬದಲು ಎಫ್4 ಒತ್ತಿ ಮುಚ್ಚಬಹುದು, ಅದರಲ್ಲಿದ್ದ ವಿಂಡೋಗಳು ಪಕ್ಕದ ಡೆಸ್ಕ್‌ಟಾಪಿಗೆ ಬರುತ್ತವೆ, ಕಳೆದುಹೋಗುವುದಿಲ್ಲ. ಗಂಟೆಗೊಮ್ಮೆ ಆ ಕಡೆ ಹೋಗಿ ಬಂದ ಬಿಲ್ಲುಗಳನ್ನೆಲ್ಲ ಇಳಿಸಿಕೊಂಡು ಬರುತ್ತೇನೆ.

ಮ್ಯಾಕ್ ಬಳಸುವ ಇಬ್ಬರು ಇಲ್ಲಿದ್ದೀರಿ. 2024ರಲ್ಲಿ ಬಂದ ಸಿಕೋಯಾ ಆವೃತ್ತಿಯಿಂದ ಎಫ್‌ಎನ್, ಕಂಟ್ರೋಲ್ ಮತ್ತು ಬಾಣ ಒತ್ತಿದರೆ ಅರ್ಧಕ್ಕೆ ಹೋಗುತ್ತದೆ, ಬಾಣದ ಬದಲು ಎಫ್ ಒತ್ತಿದರೆ ಪೂರ್ತಿ ತುಂಬುತ್ತದೆ, ಸಿ ಒತ್ತಿದರೆ ನಡುವಿಗೆ ಬರುತ್ತದೆ. ಮೂರು ಭಾಗ ಬೇಕಾದರೆ ರೆಕ್ಟ್ಯಾಂಗಲ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ ಕಂಟ್ರೋಲ್ ಮತ್ತು ಆಪ್ಷನ್ ಹಿಡಿದು ಡಿ, ಎಫ್, ಜಿ ಒತ್ತಿದರೆ ಎಡ, ನಡು, ಬಲ ಪಾಲುಗಳು. ಮೂರೂ ಕೀಲಿಗಳು ಕೀಬೋರ್ಡಿನಲ್ಲಿ ಅದೇ ಕ್ರಮದಲ್ಲಿ ಅಕ್ಕಪಕ್ಕ ಇವೆ, ಒಂದೇ ಸಲಕ್ಕೆ ನೆನಪಾಗುತ್ತದೆ. ಲಿನಕ್ಸ್‌ನವರಿಗೆ ಕೆಡಿಇ ಪ್ಲಾಸ್ಮಾದಲ್ಲಿ 2023ರ 5.27ನೇ ಆವೃತ್ತಿಯಿಂದ ಮೆಟಾ (ವಿಂಡೋಸ್ ಕೀಲಿಯೇ) ಮತ್ತು ಟಿ ಒತ್ತಿದರೆ ಖಾನೆ ಬಿಡಿಸುವ ಪುಟ ಬರುತ್ತದೆ, ಶಿಫ್ಟ್ ಹಿಡಿದು ಎಳೆದರೆ ಕೂರುತ್ತದೆ. ಐ3 ಎಂಬ ವಿಂಡೋ ಜೋಡಿಸುವ ತಂತ್ರಾಂಶವೊಂದಿದೆ, ಅದರಲ್ಲಿ ತೆರೆದ ವಿಂಡೋಗಳೆಲ್ಲ ತಾವಾಗಿಯೇ ಪಕ್ಕಪಕ್ಕ ಹಂಚಿಕೊಂಡು ಕೂರುತ್ತವೆ. ಅಗಲ ಪರದೆಯಲ್ಲಿ ಒಂದೇ ಒಂದು ವಿಂಡೋ ತೆರೆದರೆ ಅದು ಇಡೀ ಅಗಲಕ್ಕೆ ಹರಡುತ್ತದೆ ಎಂಬುದೊಂದೇ ಅದರ ತೊಡಕು. ಕಾಲೇಜು ಹುಡುಗರು ಪ್ರಯತ್ನಿಸಿ ನೋಡಿ.

ಪ್ರಶ್ನೆಗಳಲ್ಲಿ ಮೂರನ್ನು ಎತ್ತಿಕೊಳ್ಳುತ್ತೇನೆ. ಯಾವುದೋ ಕೀಲಿ ಒತ್ತಿ ಪರದೆ ತಲೆಕೆಳಗಾಯಿತು, ರಿಪೇರಿಯವರನ್ನು ಕರೆಸಬೇಕಾಯಿತು ಎಂದು ಒಬ್ಬರು ಹೇಳಿದರು. ಹಳೆಯ ಇಂಟೆಲ್ ಗ್ರಾಫಿಕ್ಸ್ ಇರುವ ಗಣಕಗಳಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಕೆಳಗಿನ ಬಾಣ ಒತ್ತಿದರೆ ಪರದೆ ಮಗುಚುತ್ತದೆ. ಕಂಟ್ರೋಲ್, ಆಲ್ಟ್ ಮತ್ತು ಮೇಲಿನ ಬಾಣ ಒತ್ತಿದರೆ ನೆಟ್ಟಗಾಗುತ್ತದೆ. ಏನೂ ಹಾಳಾಗಿರುವುದಿಲ್ಲ, ಯಾರಿಗೂ ಹಣ ಕೊಡಬೇಡಿ.

ಮಾನಿಟರಿನ ತಂತಿ ತೆಗೆದ ಮೇಲೆ ಒಂದು ವಿಂಡೋ ಎಲ್ಲೂ ಕಾಣುವುದಿಲ್ಲ, ಟಾಸ್ಕ್‌ಬಾರಿನಲ್ಲಿ ಮಾತ್ರ ಇರುತ್ತದೆ ಎಂಬುದು ಎರಡನೆಯದು. ಟಾಸ್ಕ್‌ಬಾರಿನಲ್ಲಿ ಅದನ್ನು ಆರಿಸಿ, ಆಲ್ಟ್ ಮತ್ತು ಸ್ಪೇಸ್ ಒತ್ತಿ, ನಂತರ ಎಂ ಒತ್ತಿ, ಆಮೇಲೆ ಬಾಣವನ್ನು ಒತ್ತಿ ಹಿಡಿಯಿರಿ. ಕಣ್ಣಿಗೆ ಕಾಣದ ವಿಂಡೋ ಪರದೆಯೊಳಕ್ಕೆ ನಡೆದು ಬರುತ್ತದೆ. ಎರಡು ಮಾನಿಟರ್ ಇದ್ದವರಿಗೆ ವಿಂಡೋಸ್, ಶಿಫ್ಟ್ ಮತ್ತು ಬಾಣ ಒತ್ತಿ ಒಂದರಿಂದ ಇನ್ನೊಂದಕ್ಕೆ ಎಸೆಯುವುದೂ ಸಾಧ್ಯ. ಇದಕ್ಕೇ ಸೇರಿಸಿ ಹೇಳುತ್ತೇನೆ, ಆನ್‌ಲೈನ್ ಸಭೆಯಲ್ಲಿ ಅಗಲ ಪರದೆಯನ್ನು ಪೂರ್ತಿ ಹಂಚಿಕೊಳ್ಳಬೇಡಿ. ಆ ಕಡೆ ಲ್ಯಾಪ್‌ಟಾಪಿನಲ್ಲಿ ನೋಡುವವರಿಗೆ ಅದು ಒಂದು ರಿಬ್ಬನ್ನಿನಂತೆ ಕಾಣುತ್ತದೆ, ಅಂಕಿ ಓದಲಾಗುವುದಿಲ್ಲ. ನಡುವಿನ ವಿಂಡೋ ಒಂದನ್ನೇ ಹಂಚಿಕೊಳ್ಳಿ.

ಮೂರನೆಯವರು ಅರಸೀಕೆರೆಯಿಂದ ಬಂದವರು, ನಾಳೆಯೇ ಹೋಗಿ ಕೊಳ್ಳಲೇ ಎಂದು ಕೇಳಿದ್ದಾರೆ. ಕೊಳ್ಳಬೇಡಿ. ಇರುವ ಲ್ಯಾಪ್‌ಟಾಪಿನಲ್ಲೇ ಹದಿನೈದು ದಿನ ಎಡ ಬಲ ಬಾಣ ಮತ್ತು 1, 2, 3 ಅಂಕಿಗಳನ್ನು ಮಾತ್ರ ಬಳಸಿ. ಒಂದು ಚೀಟಿಯಲ್ಲಿ ಬರೆದು ಪರದೆಯ ಕೆಳಗೆ ಅಂಟಿಸಿ. ಚೀಟಿ ನೋಡದೆ ಕೈ ಓಡತೊಡಗಿದ ಮೇಲೆ ಜಾಗ ಸಾಲದು ಎನಿಸಿದರೆ ಆಗ ಅಂಗಡಿಗೆ ಹೋಗಿ. ಹೋಗುವ ಮೊದಲು ಲ್ಯಾಪ್‌ಟಾಪಿನ ಕಿಂಡಿಯನ್ನು ನೋಡಿಕೊಳ್ಳಿ. ಹಳೆಯ ಎಚ್‌ಡಿಎಂಐ 1.4 ಆಗಿದ್ದರೆ 3440 ಚುಕ್ಕಿಗಳ ಪರದೆ ಎಷ್ಟೋ ಸಲ 60 ಹರ್ಟ್ಜ್‌ಗೆ (ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗುವ ವೇಗಕ್ಕೆ) ಏರದೆ 50ಕ್ಕೇ ನಿಲ್ಲುತ್ತದೆ. ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಇದ್ದರೆ ತೊಂದರೆಯಿಲ್ಲ. ಒಂದು ಅಳತೆ ಟೇಪು ತೆಗೆದುಕೊಂಡು ಮೇಜನ್ನೂ ಅಳೆಯಿರಿ. 34 ಇಂಚಿನದಕ್ಕೆ ಪೂರ್ತಿ ಎರಡು ಅಡಿ ಎಂಟು ಇಂಚು ಬೇಕು, 49 ಇಂಚಿನದಕ್ಕೆ ನಾಲ್ಕು ಅಡಿ. ಬಿಲ್ಲಿನ ಫೈಲುಗಳನ್ನು ಆಮೇಲೆ ಎಲ್ಲಿಡುತ್ತೀರಿ ಎಂಬುದನ್ನೂ ಈಗಲೇ ನೋಡಿಕೊಂಡು ಬನ್ನಿ.